ಶೇಕಡಾ ಬಿಡಿ, ತಲೆ ಎಣಿಸಿ

ಊರಿನ ಕುಡಿತ ತಡೆಯುವುದು ಹೇಗೆ ಅಂತ ನೀವು ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹದಲ್ಲಿ ಬರುತ್ತಲೇ ಇದೆ. ಈ ಸಲ ಅದಕ್ಕೇ ಹೆಚ್ಚು ಜಾಗ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಚಿಕ್ಕ ಹಳ್ಳಿ. ಶಾಲೆಯ 40 ಮಕ್ಕಳ ಸಮೀಕ್ಷೆ ಮಾಡಿದೆವು. ಹೆಸರು ಕೇಳಲಿಲ್ಲ; ತರಗತಿ, ವಯಸ್ಸು, ಹುಡುಗನೋ ಹುಡುಗಿಯೋ ಅಂತಷ್ಟೇ ಕೇಳಿದೆವು. ಮದ್ಯ ಕುಡಿದವರ ಪ್ರಮಾಣ ಒಂದೇ ವರ್ಷದಲ್ಲಿ ಶೇ 5ರಿಂದ ಶೇ 10ಕ್ಕೆ ಏರಿದೆ, ಅಂದರೆ ದುಪ್ಪಟ್ಟು! ಯಾವ ಕಾರ್ಯಕ್ರಮ ಶುರು ಮಾಡಬೇಕು?

ಮೊದಲು ಗಾಬರಿ ನಿಲ್ಲಿಸಿ. 40ರಲ್ಲಿ ಶೇ 5 ಅಂದರೆ ಇಬ್ಬರು. ಶೇ 10 ಅಂದರೆ ನಾಲ್ವರು. ಜಾಸ್ತಿಯಾದದ್ದು ಇಬ್ಬರು ಮಕ್ಕಳು, ಅಷ್ಟೇ. ಅಣ್ಣತಮ್ಮಂದಿರಿಬ್ಬರು ಹೊಸದಾಗಿ ಶಾಲೆಗೆ ಸೇರಿದರೂ ಇಷ್ಟಾಗುತ್ತದೆ. ಹೋದ ವರ್ಷ ಹೆದರಿ ಸುಳ್ಳು ಬರೆದವರು ಈ ವರ್ಷ ನಿಜ ಬರೆದರೂ ಇಷ್ಟೇ ಆಗುತ್ತದೆ. ಸಣ್ಣ ಊರಿನವರು ಮೂರು ವರ್ಷದ ಲೆಕ್ಕ ಕೂಡಿಸಿ ನೋಡಬೇಕು, ಇಲ್ಲವೇ ಅಕ್ಕಪಕ್ಕದ ಊರುಗಳ ಜೊತೆ ಸೇರಿಸಿ ನೋಡಬೇಕು.

ಆ ಮಕ್ಕಳು ಬರೆಯುವಾಗ ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತಿದ್ದರಾ? ಹಾಗಿದ್ದರೆ ಆ ಕಾಗದಗಳಿಗೆ ಬೆಲೆ ಇಲ್ಲ. ಹೆಸರು ಕೇಳಿಲ್ಲ ಅನ್ನುತ್ತೀರಿ. ಆದರೆ ತರಗತಿ, ವಯಸ್ಸು, ಹುಡುಗನೋ ಹುಡುಗಿಯೋ ಎಲ್ಲಾ ಕೇಳಿದ್ದೀರಿ. ಒಂಬತ್ತನೇ ತರಗತಿಯಲ್ಲಿ ಇರುವುದೇ ಮೂವರು ಹುಡುಗಿಯರಾದರೆ ಹೆಸರು ಬೇರೆ ಯಾಕೆ ಬೇಕು? ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿಯನ್ನು ನಾನು ಯಾರಿಗೂ ತೋರಿಸುವುದಿಲ್ಲ. ನೀವೂ ತೋರಿಸಬೇಡಿ.

ಇನ್ನು ಅಸಲು ವಿಷಯ. ಎಷ್ಟು ಜನ ಕುಡಿದರು ಅನ್ನುವುದರಿಂದ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮೊದಲ ಸಲ ಎಷ್ಟನೇ ವಯಸ್ಸಿಗೆ, ಎಲ್ಲಿ, ಎಷ್ಟು ಹೊತ್ತಿಗೆ, ಯಾರ ಕೈಯಿಂದ ಸಿಕ್ಕಿತು? ಇದನ್ನು ಕೇಳಿ. ಒಂದು ಊರಿನಲ್ಲಿ ಆರೋಗ್ಯ ಕೇಂದ್ರದ ಗಾಯಾಳು ರಿಜಿಸ್ಟರ್ ಹಿಡಿದು ಕೂತಿದ್ದೆವು. ದೊಡ್ಡ ಹಾಳೆಯ ಮೇಲೆ ಅಡ್ಡಕ್ಕೆ ವಾರದ ದಿನ, ಉದ್ದಕ್ಕೆ ಗಂಟೆ ಬರೆದು, ಕುಡಿದು ಬಿದ್ದ, ಹೊಡೆದಾಡಿಕೊಂಡ ಪ್ರತಿ ಪ್ರಕರಣಕ್ಕೆ ಒಂದು ಚುಕ್ಕೆ ಇಟ್ಟೆವು. ಹೆಸರು ಬರೆಯಲಿಲ್ಲ. ವಾರದ ಕೊನೆಯ ರಾತ್ರಿಗಳೇ ತೊಂದರೆ ಅಂತ ಎಲ್ಲರೂ ನಂಬಿದ್ದರು. ಚುಕ್ಕೆಗಳು ಮಾತ್ರ ಕೂಲಿ ಕೈಗೆ ಬರುವ ದಿನದ ಸಂಜೆ ಗುಂಪು ಕಟ್ಟಿದ್ದವು. ಮಕ್ಕಳನ್ನು ಕೇಳಿದರೆ ಮೊದಲ ಗುಟುಕು ಸಿಕ್ಕಿದ್ದು ಅಂಗಡಿಯಲ್ಲಿ ಅಲ್ಲ, ಮನೆಯ ಕಪಾಟಿನಲ್ಲಿ. ಅಲ್ಲಿಗೆ ಮಾತಾಡಬೇಕಾದದ್ದು ಅಪ್ಪಅಮ್ಮನ ಹತ್ತಿರ ಅಂತಾಯಿತು, ಅಲ್ವಾ?

ಪೊಲೀಸರ ಅಂಕಿ ತಂದುಕೊಡುವವರಿಗೂ ಒಂದು ಮಾತು. ಚುರುಕಾದ ಅಧಿಕಾರಿ ಬಂದ ವರ್ಷ ಕೇಸು ಏರುತ್ತವೆ. ಅದು ಪೊಲೀಸರ ಕೆಲಸದ ಅಳತೆ, ಊರಿನ ಚಟದ್ದಲ್ಲ.

ಮಕ್ಕಳ ಕುಡಿತ ತಡೆಯುವ ಕಾರ್ಯಕ್ರಮ ಅಂದರೆ ಐಸ್‌ಲ್ಯಾಂಡ್ ದೇಶದ ಉದಾಹರಣೆ ಎಲ್ಲರೂ ಕೊಡುತ್ತಾರೆ. 15-16ರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದವರು 1998ರಲ್ಲಿ ಶೇ 42 ಇದ್ದರು, 2016ಕ್ಕೆ ಶೇ 5 ಆದರು. ಆ ಅವಧಿಯಲ್ಲಿ ಯುರೋಪಿನ ಬೇರೆ ಕಡೆಯೂ ಮಕ್ಕಳ ಕುಡಿತ ಇಳಿದಿದೆ, ಹಾಗಾಗಿ ಪೂರ್ತಿ ಶ್ರೇಯ ಅವರ ಕಾರ್ಯಕ್ರಮ ಒಂದಕ್ಕೇ ಕೊಡಲಾರೆ. ಆದರೆ ಅವರ ಒಂದು ಅಭ್ಯಾಸ ಕಲಿಯುವಂಥದ್ದು. ಸಮೀಕ್ಷೆ ಮುಗಿದ ಕೆಲವೇ ತಿಂಗಳಲ್ಲಿ ಆಯಾ ಊರಿನ ಫಲಿತಾಂಶ ಆಯಾ ಊರಿನ ಪೋಷಕರ ಮುಂದಿರುತ್ತದೆ. ನಿಮ್ಮ ಹೋದ ವರ್ಷದ ಕಾಗದಗಳು ಎಲ್ಲಿವೆ?

ಕೊಳೆತ ಶ್ವಾಸಕೋಶದ ಚಿತ್ರ ತೋರಿಸಿ ಭಾಷಣ ಮಾಡಿಸಬಹುದೇ?

ಮಾಡಿಸಿ, ಮಾಡಿಸಿದವರಿಗೆ ತೃಪ್ತಿ ಸಿಗುತ್ತದೆ. ಮಕ್ಕಳ ಭಯ ಸಂಜೆಯವರೆಗೂ ಉಳಿಯುವುದಿಲ್ಲ.

ಎಲ್ಲಾ ವಿದ್ಯಾರ್ಥಿಗಳ ಮೂತ್ರ ಪರೀಕ್ಷೆ ಮಾಡಿದರೆ ಪಕ್ಕಾ ಅಂಕಿ ಸಿಗುತ್ತದಲ್ಲವೇ?

ಇಲ್ಲ. ಮುಂದಿನ ಸಮೀಕ್ಷೆಯಲ್ಲಿ ಒಬ್ಬ ಮಗುವೂ ನಿಜ ಬರೆಯುವುದಿಲ್ಲ.

ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ, ಕುಡಿತ ಬಿಡಿಸುವ ಪುಡಿಯನ್ನು ಮನೆಮನೆಗೆ ಹಂಚಬಹುದೇ?

ಹಂಚಿದವರ ಮೇಲೆ ಕೇಸು ಹಾಕಬೇಕು ಅನ್ನುವವನು ನಾನು. ಆ ಪುಡಿಯಲ್ಲಿ ಏನಿದೆ ಅಂತ ಮಾರುವವನು ಹೇಳುತ್ತಾನಾ? ಅದರಲ್ಲಿ ಡೈಸಲ್ಫಿರಾಮ್ ಅನ್ನುವ, ಕುಡಿತ ಬಿಡಿಸಲು ವೈದ್ಯರು ಕೊಡುವ ಔಷಧಿ ಇದ್ದು, ಅದರ ಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಜೀವವೇ ಹೋಗಬಹುದು. ವೈದ್ಯರೂ ಅದನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ ಕೊಡುತ್ತಾರೆ.

ಕುಡಿಯುವವರ ಪಟ್ಟಿಯನ್ನು ಊರ ಬೋರ್ಡಿನಲ್ಲಿ ಹಾಕಿ, ಎಲ್ಲರಿಂದ ಒಂದೇ ದಿನ ಶಪಥ ಮಾಡಿಸಿ ಬಿಡಿಸೋಣ ಅಂತಿದ್ದೇವೆ.

ಬೇಡ, ಖಂಡಿತ ಬೇಡ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಥಟ್ಟನೆ ನಿಲ್ಲಿಸಿದರೆ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೈಕಾಲು ನಡುಕ, ಜ್ವರ, ಇಲ್ಲದ್ದು ಕಾಣುವುದು ಶುರುವಾದರೆ ಜೀವಕ್ಕೇ ಅಪಾಯ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು, ಶಪಥ ಆಮೇಲೆ. ಪಟ್ಟಿಯನ್ನು ಇವತ್ತೇ ಹರಿದುಹಾಕಿ.