ವರದಿ ಬರೆದರೆ ಕೆಲಸ ಸುಧಾರಿಸುತ್ತದೆಯೇ?

ಪ್ರಶ್ನೆ: ನಮ್ಮದು ಸಣ್ಣ ಸ್ವಯಂಸೇವಾ ಸಂಸ್ಥೆ, ಸಮುದಾಯ ಅಭಿವೃದ್ಧಿ ಯೋಜನೆ ನಡೆಸುತ್ತಿದ್ದೇವೆ. ಹಣ ಕೊಡುವವರು ಮೇಲ್ವಿಚಾರಣೆ, ಮೌಲ್ಯಮಾಪನ ಕಡ್ಡಾಯ ಅನ್ನುತ್ತಾರೆ. ಕಾರ್ಯಕರ್ತರ ಅರ್ಧ ಸಮಯ ಫಾರಂ ತುಂಬುವುದಕ್ಕೇ ಹೋಗುತ್ತಿದೆ. ಇದರಿಂದ ಕೆಲಸ ನಿಜಕ್ಕೂ ಸುಧಾರಿಸುತ್ತದೆಯೇ?

ಉತ್ತರ: ಸುಧಾರಿಸುತ್ತದೆ. ಆದರೆ ವರದಿ ಓದಿದವರು ಅದರ ಮೇಲೆ ಏನಾದರೂ ಮಾಡಿದರೆ ಮಾತ್ರ.

ಇಂಡೊನೇಷ್ಯಾದಲ್ಲಿ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕೆನ್ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕಾಮಗಾರಿಗಳಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವು ಹಳ್ಳಿಗಳಿಗೆ, ಸರ್ಕಾರಿ ಆಡಿಟ್ ಬಂದೇ ಬರುತ್ತದೆ ಎಂದು ಮೊದಲೇ ತಿಳಿಸಲಾಯಿತು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಲ್ಲಿ ಲೆಕ್ಕಕ್ಕೆ ಸಿಗದ ಖರ್ಚಿನ ಪಾಲು ಒಟ್ಟು ಖರ್ಚಿನ ಪ್ರತಿ ನೂರು ರೂಪಾಯಿಗೆ ಸುಮಾರು 8 ರೂಪಾಯಿಯಷ್ಟು ಇಳಿಯಿತು. ಕಾಮಗಾರಿಯ ಲೆಕ್ಕ ಒಪ್ಪಿಸುವ ಸಭೆಗೆ ಸುಮ್ನೆ ಹೆಚ್ಚು ಹಳ್ಳಿಗರನ್ನು ಕರೆದದ್ದರಿಂದ ಒಟ್ಟಾರೆ ಅಷ್ಟು ಲಾಭವಾಗಲಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ರಾಜಸ್ಥಾನದ ಉದಯಪುರದ್ದು. ಸರ್ಕಾರಿ ನರ್ಸ್‌ಗಳ ಹಾಜರಿ ದಾಖಲಿಸಲು ಯಂತ್ರ ಇಟ್ಟರು. ಸಂಬಳ ಕಡಿತವಾಗುತ್ತದೆ ಎಂಬ ಭಯ ಇರುವವರೆಗೆ ಹಾಜರಿ ಏರಿತು. ಆಮೇಲೆ ಆಡಳಿತವೇ ವಿನಾಯಿತಿ ಕೊಡುತ್ತಾ ಹೋಯಿತು. 16 ತಿಂಗಳಿಗೆ ಪರಿಣಾಮ ಪೂರ್ತಿ ಮಾಯ! ಮೇಲ್ವಿಚಾರಣೆ ನಡೆದೇ ಇತ್ತು, ಅದನ್ನು ನೋಡಿ ಕ್ರಮ ಕೈಗೊಳ್ಳುವವರಿರಲಿಲ್ಲ.

ಈಗ ನಿಮ್ಮ ಫಾರಂಗೆ ಬರೋಣ. ಅದರ ಒಂದೊಂದು ಕಾಲಂಗೂ ಹೀಗೆ ಕೇಳಿ: ‘ಈ ಅಂಕಿ ಇಳಿದರೆ ನಾವು ಏನು ಬದಲಿಸುತ್ತೇವೆ?’ ಉತ್ತರ ಇಲ್ಲದಿದ್ದರೆ ಆ ಕಾಲಂ ತೆಗೆಯಿರಿ. ಎಷ್ಟು ಜನ ತರಬೇತಿಗೆ ಬಂದರು ಅನ್ನುವುದು ಎಲ್ಲ ವರದಿಯಲ್ಲೂ ಇರುತ್ತದೆ. ಆರು ತಿಂಗಳ ನಂತರ ಎಷ್ಟು ಜನ ಕಲಿತದ್ದನ್ನು ಬಳಸುತ್ತಿದ್ದಾರೆ ಅನ್ನುವುದು ಅಪರೂಪ. ಕೆಲಸಕ್ಕೆ ಬರುವುದು ಎರಡನೆಯದೇ ಅಲ್ವಾ?

ಇನ್ನೊಂದು ಅಪಾಯವಿದೆ. ಅಂಕಿ ನೋಡಿಯೇ ಕಾರ್ಯಕರ್ತರನ್ನು ಅಳೆದರೆ ಅವರು ಚೆಂದದ ಅಂಕಿಯನ್ನೇ ಕೊಡುತ್ತಾರೆ. ಕೆಟ್ಟ ಸುದ್ದಿ ತಂದವರನ್ನು ಗದರದ ಮಾಸಿಕ ಸಭೆ ಬೇಕು. ಅಲ್ಲಿ ತೀರ್ಮಾನ ಏನು, ಯಾರ ಜವಾಬ್ದಾರಿ, ಯಾವಾಗ ಎಂದು ಬರೆದಿಡಿ. ಸಮುದಾಯದವರಿಗೂ ಅಂಕಿಅಂಶ ತೋರಿಸಿ. ತಪ್ಪು ಹಿಡಿಯುವುದರಲ್ಲಿ ಅವರು ಹೊರಗಿನ ತಜ್ಞರಿಗಿಂತ ಚುರುಕು.

ಖರ್ಚಿನ ಲೆಕ್ಕ: ಯೋಜನೆಯ ಬಜೆಟ್‌ನ ಶೇ 5ರಿಂದ 10ರಷ್ಟನ್ನು ಮೇಲ್ವಿಚಾರಣೆ, ಮೌಲ್ಯಮಾಪನಕ್ಕೆ ಇಡುವುದು ರೂಢಿ. ಅರ್ಧ ಸಮಯ ಹೋಗುತ್ತಿದೆ ಅಂದರೆ ಬಹಳ ಜಾಸ್ತಿಯಾಯಿತು. ಒಂದು ವರ್ಷದಲ್ಲಿ ಯಾವ ಅಂಕಿಯಿಂದ ಯಾವ ನಿರ್ಧಾರ ಬದಲಾಯಿತು ಎಂದು ಪಟ್ಟಿ ಮಾಡಿ. ಅದನ್ನು ಹಣ ಕೊಡುವವರ ಮುಂದಿಟ್ಟು, ಉಳಿದದ್ದನ್ನು ಕೈಬಿಡಲು ಒಪ್ಪಿಗೆ ಕೇಳಿ.