ಪ್ರತಿಕ್ರಿಯೆ: ಲಾರಿ ನಿಂತಾಗ ಹಸುಗಳಿಗೆ ಏದುಸಿರು

ಲಾರಿ ಓಡುವಾಗ ಸರಿಯಿದ್ದ ಹಸುಗಳು, ಅದು ನಿಂತ ಅರ್ಧ ಗಂಟೆಗೇ ಬಾಯಿ ತೆರೆದು ಏದುಸಿರು ಬಿಟ್ಟವು ಅಂದಿದ್ದೀರಿ. ಬಹುಶಃ ಗಾಳಿ ನಿಂತದ್ದೇ ಕಾರಣ. ಮೈಯ ಬಿಸಿ, ಉಸಿರಿನ ತೇವ ಎರಡೂ ಒಳಗೇ ಉಳಿದುಬಿಡುತ್ತವೆ.

ಮುಂದಿನ ಸಲ ನಸುಕಿನಲ್ಲೇ ಹೊರಡಿ. ಹತ್ತಿಸುವ ಮುಂಚೆ ಸಾಕಷ್ಟು ನೀರು ಕುಡಿಸಿ. ಒಂದೆರಡು ಹಸು ಕಡಿಮೆಯೇ ಇರಲಿ. ಪಕ್ಕೆಗೆ ಪಕ್ಕೆ ತಾಗಿದರೆ ಬಿಸಿ ಹೋಗುವುದಾದರೂ ಎಲ್ಲಿಗೆ, ಅಲ್ವಾ? ಟಾರ್ಪಾಲು ಮೇಲಷ್ಟೇ ಹಾಕಿ, ಪಕ್ಕ ಮುಚ್ಚಬೇಡಿ. ನಿಲ್ಲಿಸಲೇಬೇಕಾದರೆ ನೆರಳಲ್ಲಿ, ಗಾಳಿ ಒಂದು ಪಕ್ಕದಿಂದ ಹೊಕ್ಕು ಇನ್ನೊಂದು ಪಕ್ಕದಿಂದ ಹೋಗುವಂತೆ ಅಡ್ಡಲಾಗಿ ನಿಲ್ಲಿಸಿ.

ಪಕ್ಕೆ ಏರಿಳಿಯುವುದನ್ನು ನೋಡಿ ಉಸಿರು ಎಣಿಸಿ. ನಿಮಿಷಕ್ಕೆ 80 ದಾಟಿ ಜೊಲ್ಲು ಸುರಿಯತೊಡಗಿದರೆ ಕಾಯಬೇಡಿ. ಮೈ ಪೂರ್ತಿ ನೆನೆಯುವಷ್ಟು ನೀರು ಸುರಿದು ಗಾಳಿ ಆಡುವಂತೆ ಮಾಡಿ. ಸುಮ್ನೆ ಚಿಮುಕಿಸಿದರೆ ಒಳಗೆ ತೇವ ಜಾಸ್ತಿಯಾಗುತ್ತದೆ, ಅಷ್ಟೇ. ನಾಲಿಗೆ ಹೊರಚಾಚಿದರೆ, ತೂರಾಡಿದರೆ ತಕ್ಷಣ ಪಶುವೈದ್ಯರಿಗೆ ಫೋನ್ ಮಾಡಿ.