ಓಡುವವರಿಗೆ ಮಲ್ಟಿವಿಟಮಿನ್ ಮಾತ್ರೆ ಬೇಕೇ ಬೇಕಾ?

ದಿನಾ ಬೆಳಗ್ಗೆ 5ಕ್ಕೆ ಓಡ್ತೀನಿ, ಸಸ್ಯಾಹಾರಿ, ಜೊತೆಯವರೆಲ್ಲ ಮಲ್ಟಿವಿಟಮಿನ್ ನುಂಗ್ತಾರೆ, ನನಗೂ ಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಮೊದಲು ತಟ್ಟೆ ಸರಿಮಾಡಿಕೊಳ್ಳಿ. ಬಹುಪಾಲು ವಿಟಮಿನ್ ಅಲ್ಲೇ ಸಿಗುತ್ತದೆ.

ಬಸ್ಸಾರು ಮಾಡ್ತೀರಾ? ಸೊಪ್ಪು, ಕಾಳು ಬೇಯಿಸಿದಾಗ ಫೋಲೇಟ್ ಮತ್ತು ಇತರ ಬಿ ವಿಟಮಿನ್‌ಗಳಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ಕಟ್ಟನ್ನೇ ಸಾರು ಮಾಡುವುದರಿಂದ ಅದು ಚರಂಡಿ ಸೇರುವುದಿಲ್ಲ. ಬಸಿದ ಸೊಪ್ಪಿಗೆ ಎಣ್ಣೆ ಒಗ್ಗರಣೆ, ಕಾಯಿತುರಿ ಹಾಕಿ ಪಲ್ಯ ಮಾಡಿ. ಸೊಪ್ಪಿನ ಕ್ಯಾರೋಟಿನ್ ಮೈಗೆ ಹತ್ತಲು ಸ್ವಲ್ಪ ಜಿಡ್ಡು ಬೇಕು. ಆ ಕ್ಯಾರೋಟಿನ್‌ನಿಂದಲೇ ದೇಹ ವಿಟಮಿನ್ ಎ ಮಾಡಿಕೊಳ್ಳುವುದು. ನುಗ್ಗೆಸೊಪ್ಪು ಸಿಕ್ಕರಂತೂ ಬಿಡಲೇಬೇಡಿ.

ವಿಟಮಿನ್ ಸಿ ಬಿಸಿಗೆ ಹಾಳಾಗುತ್ತದೆ. ಹಾಗಾಗಿ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಸೀಬೆಹಣ್ಣು, ಹಸಿ ನೆಲ್ಲಿಕಾಯಿ ಇನ್ನೂ ಒಳ್ಳೆಯದು. ಊಟದ ಜೊತೆ ಸಿ ಇದ್ದರೆ ಸೊಪ್ಪು, ಕಾಳಿನ ಕಬ್ಬಿಣವೂ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಮಾತ್ರ ಬೇಡ, ಅದು ಕಬ್ಬಿಣಕ್ಕೆ ಅಡ್ಡ ಬರುತ್ತದೆ.

ಬಿ12 ಲೆಕ್ಕ ಬೇರೆ. ಸೊಪ್ಪು ಎಷ್ಟೇ ತಿಂದರೂ ಅದು ಸಿಗುವುದಿಲ್ಲ. ಹಾಲು, ಮೊಸರು ದಿನಾ ಇರಲಿ. ಜಾಸ್ತಿ ಸುಸ್ತು, ಕೈಕಾಲು ಜೋಮು ಅನಿಸಿದರೆ ರಕ್ತ ಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಡಾಕ್ಟರ್ ಹೇಳಿದಂತೆ ಮಾತ್ರೆ ತಗೊಳ್ಳಲೇಬೇಕು, ಹಟ ಬೇಡ.

ವಿಟಮಿನ್ ಡಿ ಕೂಡ ಊಟದಲ್ಲಿ ಕಡಿಮೆಯೇ. ಬಿಸಿಲು ಬಿದ್ದಾಗ ಚರ್ಮವೇ ಅದನ್ನು ಮಾಡಿಕೊಳ್ಳುತ್ತದೆ, ಕತ್ತಲಲ್ಲಿ ಓಡಿದರೆ ಬರುವುದಿಲ್ಲ. ರಜಾದಿನ ಸ್ವಲ್ಪ ತಡವಾಗಿ, ಬಿಸಿಲು ಏರಿದ ಮೇಲೆ ಹೊರಡಿ.